ಇಂದುಬಾಯಿಯ ಕೈಗೆ ಮಾಡಿದ ಚಾಕು

ಕುರನೂರಿನ ಇಂದುಬಾಯಿಗೆ ಐವತ್ತೆರಡು ವರ್ಷ ತುಂಬುವ ತನಕ, ಒಂದು ಸಾಮಾನು ನಿನಗೆ ಹೇಗೆ ಬೇಕು ಎಂದು ಯಾರೂ ಕೇಳಿರಲಿಲ್ಲ. ಅದನ್ನೊಂದು ಕೊರತೆ ಎಂದು ಆಕೆ ಯಾವತ್ತೂ ಎಣಿಸಿದವಳಲ್ಲ. ಕಳೆ ಕೀಳುವ ಖುರಪಿ ಸವೆದರೆ ಗಂಡ ಶಿವಶರಣಪ್ಪ ಅಕ್ಕಲಕೋಟೆಯ ಸಂತೆಯಿಂದ ಹೊಸದು ತರುತ್ತಿದ್ದ. ಕುಡಗೋಲೂ ಹಾಗೇ, ಅಡಿಗೆಮನೆಯ ಇಳಿಗೆಯೂ ಹಾಗೇ. ಹಿಡಿ ದಪ್ಪವಾಗಿದ್ದರೆ ಆಕೆ ಅರಿವೆ ಸುತ್ತಿಕೊಳ್ಳುತ್ತಿದ್ದಳು, ಉದ್ದವಾಗಿದ್ದರೆ ಮುಂದಕ್ಕೆ ಸರಿಸಿ ಹಿಡಿಯುತ್ತಿದ್ದಳು. ಕೈ ಸಾಮಾನಿಗೆ ಹೊಂದಿಕೊಳ್ಳಬೇಕು, ಅಷ್ಟೇ ಗೊತ್ತಿದ್ದ ಲೆಕ್ಕ.

ಒಂಬತ್ತು ವರ್ಷದ ಹಿಂದೆ ಮೇವು ಕತ್ತರಿಸುವ ಯಂತ್ರದಲ್ಲಿ ಆಕೆಯ ಬಲಗೈಯ ತೋರುಬೆರಳು ಹೋಯಿತು. ಪೂರ್ತಿ ಹೋಗಲಿಲ್ಲ, ಬುಡದ ಒಂದು ಗೆಣ್ಣು ಉಳಿಯಿತು. ಗಾಯ ಮಾಯ್ದ ಮೇಲೆ ಎಲ್ಲ ಕೆಲಸವೂ ಮತ್ತೆ ಕೈಗೆ ಬಂತು, ಆದರೆ ಚಾಕು ಮಾತ್ರ ಬರಲಿಲ್ಲ. ಒತ್ತಿ ಕೊಯ್ದರೆ ಕೈ ಮುಂದಕ್ಕೆ ಜಾರಿ ಧಾರೆಯ ಮೇಲೆ ಹೋಗುತ್ತಿತ್ತು. ನಡುಬೆರಳಿನ ಮೇಲೆ ಮೂರು ಹಳೇ ಗಾಯದ ಗೆರೆಗಳಿದ್ದವು. ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅನಿಸಿರಲೂ ಇಲ್ಲ.

ಪರಾಗ ಸೋಲಾಪುರದವನು, ಒಂದು ವಿಮಾ ಕಂಪನಿಯಲ್ಲಿ ನೌಕರಿ. ಮನೆಯ ಮಾತು ಕನ್ನಡ, ಉಳಿದದ್ದೆಲ್ಲ ಮರಾಠಿ. ಶನಿವಾರ ಬಂತೆಂದರೆ ಹತ್ತು ಹನ್ನೆರಡು ಮಂದಿ ಪೇಟೆಯವರನ್ನು ಕಟ್ಟಿಕೊಂಡು ಬೋರಿ ನದಿಯ ಆಣೆಕಟ್ಟಿನ ಹಿನ್ನೀರಿಗೆ ಬರುತ್ತಿದ್ದ. ಶಿವಶರಣಪ್ಪನ ಹೊಲದ ಕಡೆಯ ಜಾಲಿಮರಗಳ ಕೆಳಗೆ ಡೇರೆ ಹಾಕುತ್ತಿದ್ದರು. ಇಂದುಬಾಯಿ ಅವರಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಝುಣಕಾ ಮಾಡಿ ಕಳಿಸುತ್ತಿದ್ದಳು. ಬರಬರುತ್ತ ಆಕೆಯೇ ಅಲ್ಲಿ ಹೋಗಿ ಕೂತು, ಹಸಿ ಕಟ್ಟಿಗೆಯಲ್ಲಿ ಒಲೆ ಹೊತ್ತಿಸುವುದು ಹೇಗೆ, ತೊಗಟೆ ಸುಲಿದು ಹಗ್ಗ ಹೊಸೆಯುವುದು ಹೇಗೆ ಎಂದು ತೋರಿಸತೊಡಗಿದಳು. ಪರಾಗ ಆಕೆಯನ್ನು ಮರಾಠಿಯವರ ಹಾಗೆ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ. ಐದು ವರ್ಷದಲ್ಲಿ ಆಕೆಯ ಮನೆಯಲ್ಲಿ ಅವನು ಎಷ್ಟು ಸಲ ಉಂಡಿದ್ದನೋ!

ಒಂದು ಭಾನುವಾರ ಯಾರೋ ಪುಣೆಯವರು ತಮ್ಮ ವಿಲಾಯತಿ ಚಾಕುವನ್ನು ಆಕೆಯ ಕೈಗೆ ಕೊಟ್ಟರು. ಮೊಳದುದ್ದ, ಬೆನ್ನಿಗೆ ಗರಗಸದ ಹಲ್ಲು. ಇಂದುಬಾಯಿ ಒಂದು ಕಡ್ಡಿ ಕೆತ್ತಿ ನೋಡಿ ವಾಪಸು ಕೊಟ್ಟಳು.

"ಇದರಾಗ ಬದನಿಕಾಯಿ ಸುದ್ಧಾ ಹೆಚ್ಚಾಕ ಬರಂಗಿಲ್ಲ. ಯಾರನ್ನರ ಅಂಜಿಸಾಕ ಬರತೈತಿ."

ಪರಾಗ ಅದನ್ನು ಮರಾಠಿಯಲ್ಲಿ ತಿರುಗಿಸಿ ಹೇಳಿದಾಗ ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. ಮುಂದೆ ಬಾಗಿ ಕೇಳಿದ, "ಹಂಗಾರ ನಿಮಗ ಹೆಂಗ ಬೇಕ್ರಿ ಕಾಕು? ಅಡವಿಯೊಳಗ ಎಲ್ಲಾ ಕೆಲಸಕ್ಕ ಒಂದ ಚಾಕು ಅಂದ್ರ, ಹೆಂಗ ಇರ್ಬೇಕು?"

ಆಕೆ ಕೈ ನೋಡಿಕೊಂಡಳು. ಅವನೂ ನೋಡಿದ. ಆಗ ಮೊದಲ ಸಲ ಆಕೆ ಜಾರುವ ವಿಷಯ, ಆ ಮೂರು ಗೆರೆಗಳ ವಿಷಯ ಬಾಯಿಬಿಟ್ಟು ಹೇಳಿದಳು.

"ಮಾಡಸೋಣ್ರಿ," ಎಂದ ಪರಾಗ. "ನಿಮ್ಮ ಕೈಗೇ ಮಾಡಸೋಣ."

ಮರುವಾರ ಅವನು ದೊಡ್ಡ ಕಾಗದ ತಂದು ಪಡಸಾಲೆಯ ನೆಲದ ಮೇಲೆ ಹಾಸಿದ. ಆಕೆ ಕೈಯನ್ನು ಅಗಲಿಸಿ ಇಟ್ಟಳು. ಅವನು ಪೆನ್ಸಿಲ್ ಹಿಡಿದು ಸುತ್ತಲೂ ಗೆರೆ ಎಳೆದ, ಮೊಂಡ ಬೆರಳಿನ ಸುತ್ತ ಬಂದಾಗ ಬಹಳ ನಿಧಾನ ಮಾಡಿದ, ನೋವಾದೀತು ಎಂಬಂತೆ. ಅಷ್ಟು ಜೋಪಾನದಿಂದ ಆ ಬೆರಳನ್ನು ದವಾಖಾನೆಯಲ್ಲಿಯೂ ಯಾರೂ ಮುಟ್ಟಿರಲಿಲ್ಲ.

ಮೈಂದರ್ಗಿಯ ಕಂಬಾರ ಪೀರಪ್ಪನ ಕುಲುಮೆಗೆ ಆ ಚಳಿಗಾಲದಲ್ಲಿ ಅವರು ಏಳೆಂಟು ಸಲ ಹೋದರು. ಕೂಲಂಕಷವಾಗಿ ಒಂದೊಂದನ್ನೇ ತೀರ್ಮಾನಿಸಿದರು. ಅಲಗು ಎಷ್ಟುದ್ದ? ಪರಾಗ ಒಂದು ಗೇಣು ಎಂದ. "ಬ್ಯಾಡ," ಎಂದಳು ಇಂದುಬಾಯಿ. "ನನ್ನ ಅಂಗೈ ಎಷ್ಟಗಲ ಐತಿ, ಅಷ್ಟ ಉದ್ದ ಸಾಕು. ತುದಿ ಎಲ್ಲೈತಿ ಅಂತ ನೋಡದ ಗೊತ್ತಾಗ್ಬೇಕು." ಬೆನ್ನಿಗೆ ಹಲ್ಲು ಬೇಡವೆಂದಳು. ಆದರೆ ಬೆನ್ನಿನ ಅಂಚು ನುಣುಪಾಗಿರದೆ ಚೌಕವಾಗಿ ಚೂಪಾಗಿರಬೇಕು, ಒಣ ತೊಗಟೆ ಹೆರೆದು ಹತ್ತಿಯ ಹಾಗೆ ಮಾಡಿ ಬೆಂಕಿ ಹಿಡಿಸಲಿಕ್ಕೆ. ಪರಾಗ ತಂದಿದ್ದ ಕಿಡಿ ಹಾರಿಸುವ ಕಡ್ಡಿಗೂ ಅದೇ ಅಂಚು ಬೇಕಾಗಿತ್ತು.

ಧಾರೆಯ ಬಗ್ಗೆ ಪೀರಪ್ಪನಿಗೂ ಆಕೆಗೂ ಅರ್ಧ ದಿನ ವಾದ ನಡೆಯಿತು. ಅವನು ಹೊಟ್ಟೆ ಉಬ್ಬಿದ ಧಾರೆ ಗಟ್ಟಿ ಎನ್ನುತ್ತಿದ್ದ.

"ಗಟ್ಟಿ ಇರ್ಲಿ ಪೀರಪ್ಪಣ್ಣ, ಮಸಿಯೋರು ಯಾರು? ನನಗ ಎರಡೂ ಮಗ್ಗಲಾ ಸಪಾಟ ಇಳಿಜಾರ ಬೇಕು. ಕಲ್ಲಿನ ಮ್ಯಾಲ ಇಟ್ರ ತಾನ ಕುಂದರಬೇಕು. ಅಡವಿಯಾಗ ನಿನ್ನ ಸಾಣಿ ಎಲ್ಲಿಂದ ತರ್ಲಿ?"

"ಅಕ್ಕಾರ, ನೀವು ಕುಲಮಿ ಇಟ್ಟಿದ್ರ ನಾ ಉಪವಾಸ ಇರ್ತಿದ್ನಿ," ಎಂದು ಪೀರಪ್ಪ ನಕ್ಕು ಒಪ್ಪಿಕೊಂಡ.

ಹಳೇ ಲಾರಿಯ ಕಮಾನ್ ಪಟ್ಟಿಯಿಂದ ಅಲಗು ಬಡಿಯುವುದೆಂದಾಯಿತು. ಉಕ್ಕು ಹಿಡಿಯ ಕೊನೆಯ ತನಕ ಒಂದೇ ತುಂಡಾಗಿ ಹೋಗಬೇಕು, ನಡುವೆ ಎಲ್ಲಿಯೂ ಬೆಸುಗೆ ಬೇಡ. ಹಿಡಿಗೆ ಜಾಲಿಯ ಕಟ್ಟಿಗೆ, ಎರಡು ಹಿತ್ತಾಳೆ ಮೊಳೆ, ಹಿಂದೆ ಒಂದು ತೂತು. ಆ ತೂತಿಗೆ ಕೆಂಪು ದಾರ, ಹುಲ್ಲಿನಲ್ಲಿ ಬಿದ್ದರೆ ಕಾಣಲಿ ಎಂದು. ಒರೆಯ ಮಾತು ಬಂದಾಗ ಪರಾಗ ಬೆಲ್ಟಿಗೆ ಸಿಕ್ಕಿಸುವ ಪಟ್ಟಿ ಇರಲಿ ಎಂದ. ಇಂದುಬಾಯಿ ಎದ್ದು ನಿಂತು ತನ್ನ ಸೀರೆ ತೋರಿಸಿದಳು. "ಬೆಲ್ಟ ಎಲ್ಲೈತಿ ತೋರ್ಸು!" ಕಡೆಗೆ ಒರೆಯ ಹಿಂದೆ ಚಪ್ಪಟೆ ಹಿತ್ತಾಳೆ ಕೊಕ್ಕೆ ಬಂತು, ನಡುವಿನ ನಿರಿಗೆಗೆ ಸಿಕ್ಕಿಸಲಿಕ್ಕೆ.

ಹಿಡಿಯ ಕೆಲಸವೇ ಎಲ್ಲಕ್ಕಿಂತ ದೊಡ್ಡದಾಯಿತು. ಬೇವಿನ ಕಟ್ಟಿಗೆಯಲ್ಲಿ ಇಂದುಬಾಯಿ ತಾನೇ ಮೂರು ಮಾದರಿ ಮಾಡಿದಳು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ಕೂತು ಒಡೆದ ಗಾಜಿನ ಚೂರಿನಿಂದ ಹೆರೆಯುತ್ತಿದ್ದಳು. ಮೊದಲನೆಯದು ಉದ್ದವಾಯಿತು. ಎರಡನೆಯದು ಗುಂಡಗಾಗಿ ಕೈಯಲ್ಲಿ ತಿರುಗಿತು. ಮೂರನೆಯದನ್ನು ಮೊಟ್ಟೆಯಾಕಾರಕ್ಕೆ ತಂದಳು. ಬಲಮಗ್ಗುಲಿನಲ್ಲಿ, ಅಲಗಿನ ಹತ್ತಿರ, ಮೊಂಡ ಬೆರಳು ಕೂಡುವಷ್ಟು ಒಂದು ಕುಳಿ ತೋಡಿದಳು. ಅದರ ಕೆಳಗೆ ನಡುಬೆರಳು ಮುಂದೆ ಜಾರದಂತೆ ಒಂದು ಸಣ್ಣ ಉಬ್ಬು ಬಿಟ್ಟಳು. ಕುಳಿಯಲ್ಲಿ ಬೆರಳಿಟ್ಟು ಹಿಡಿದಾಗ ಕೈ ಗಟ್ಟಿಯಾಗಿ ಕೂತಿತು. ಶಿವಶರಣಪ್ಪನಿಗೆ ತೋರಿಸಿದಳು.

"ನನಗ ಹಿಡ್ಯಾಕ ಬರವಲ್ದಲ್ಲ," ಎಂದ ಅವನು ತಿರುಗಿಸಿ ನೋಡುತ್ತ.

"ನಿಮಗ ಬರಬಾರ್ದ್ರಿ," ಎಂದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಗಂಡನಿಗೆ ಅಂಥ ಮಾತು ಹೇಳಿದ್ದು ಅದೇ ಮೊದಲು. ಇಬ್ಬರೂ ನಕ್ಕರು.

ಫೆಬ್ರವರಿಯಲ್ಲಿ ಪೀರಪ್ಪ ಅಲಗನ್ನು ಕಾಯಿಸಿ ಎಣ್ಣೆ ಕುಡಿಸಿದ, ಹಿಡಿ ಕೂಡಿಸಿದ. ಪರಾಗ ಅದನ್ನು ಕುಲುಮೆಯಿಂದ ಒಯ್ದು ಎಂಟು ದಿನ ಇಟ್ಟುಕೊಂಡ. ಪೇಟೆಯಲ್ಲಿ ಸಾಣೆ ಹಿಡಿಸಿ ತರುತ್ತೇನೆ ಎಂದು ಹೇಳಿದ್ದ. ಎಂಟನೆಯ ದಿನ ಹೊಸ ಅರಿವೆಯಲ್ಲಿ ಸುತ್ತಿ ತಂದು ಆಕೆಯ ಕೈಗೆ ಕೊಟ್ಟು, ಕಾಲಿಗೆ ಬಿದ್ದ. "ಇದು ನಿಮ್ಮದ್ರಿ ಕಾಕು. ಜಗತ್ತಿನ್ಯಾಗ ಇಂಥಾದ್ದು ಒಂದ ಅದ."

ಅಂದು ಆಕೆ ಹೋಳಿಗೆ ಮಾಡಿದಳು. ಹಬ್ಬವೇನೂ ಇರಲಿಲ್ಲ.

ಜೂನ್ ತಿಂಗಳಲ್ಲಿ ಅವನು ಬೇವಿನ ಮಾದರಿಗಳನ್ನೂ ಕೈಯಚ್ಚಿನ ಕಾಗದವನ್ನೂ ಕೇಳಿದ. ಫೋಟೊ ತೆಗೆದು ಇಡುತ್ತೇನೆ, ನೆನಪಿಗೆ ಇರಲಿ ಎಂದ. ಆಕೆಯೇ ಅವನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಜೊತೆಗೆ ಕಡಕ ರೊಟ್ಟಿಯನ್ನೂ ಹಿಂಡಿಯನ್ನೂ ಕಟ್ಟಿ ಕೊಟ್ಟಳು. ಆಮೇಲೆ ಮಳೆಗಾಲ ಎಂದು ಅವನು ಬರುವುದು ಕಡಿಮೆಯಾಯಿತು.

ದಸರೆ ಹತ್ತಿರ ಬಂದಾಗ ಮಗಳು ಶೀತಲ ಒಂದು ವಿಡಿಯೊ ಕಳಿಸಿದಳು. ಶೀತಲ ಸೋಲಾಪುರಕ್ಕೆ ಮದುವೆಯಾಗಿ ಹೋದವಳು, ಅಲ್ಲೇ ಒಂದು ಸಾಲೆಯಲ್ಲಿ ಕಲಿಸುತ್ತಾಳೆ. "ಯವ್ವಾ, ಇದು ನಿನ್ನ ಚಾಕು ಅಲ್ಲೇನ?" ಎಂದು ಕೇಳಿದ್ದಳು.

ಇಂದುಬಾಯಿ ಮೊದಲು ಹಿಗ್ಗಿದಳು. ವಿಡಿಯೊದಲ್ಲಿ ಪರಾಗ ಬೋರಾಮಣಿಯ ಹುಲ್ಲುಗಾವಲಿನಲ್ಲಿ ನಿಂತಿದ್ದ, ಕೈಯಲ್ಲಿ ಚಾಕು. ಅದೇ ಅಂಗೈಯಗಲದ ಅಲಗು, ಅದೇ ಚೌಕ ಬೆನ್ನು, ಕೆಂಪು ದಾರ. ಮರಾಠಿಯಲ್ಲಿ ಹೇಳುತ್ತಿದ್ದ: ಐದು ವರ್ಷ ಬೋರಿ ನದಿಯ ದಂಡೆಯಲ್ಲಿ ಅಲೆದೆ, ನಾನೇ ಸ್ವತಃ ಕಟ್ಟಿಗೆಯಲ್ಲಿ ಮಾದರಿಗಳನ್ನು ಕೆತ್ತಿದೆ, ಒಂದೊಂದು ಗೆರೆಯನ್ನೂ ನಾನೇ ಎಳೆದೆ. ಮೂರು ಬೇವಿನ ಮಾದರಿಗಳು ಅವನ ಮುಂದೆ ಸಾಲಾಗಿದ್ದವು. ಹಿಡಿಯ ಕುಳಿಯನ್ನು ತೋರಿಸಿ, ಇದು ಹಿಂದಿನ ಕಾಲದ ಬೇಟೆಗಾರರ ಹಿಡಿತ, ಮರೆತುಹೋಗಿದ್ದನ್ನು ನಾನು ಹುಡುಕಿ ತಂದೆ ಎಂದ.

ಆಕೆ ಕೊನೆಯ ತನಕ ಕಾದಳು. ಈಗ ಹೆಸರು ಹೇಳುತ್ತಾನೆ, ಈಗ ಹೇಳುತ್ತಾನೆ. ವಿಡಿಯೊ ಮುಗಿಯಿತು. ನಡುವೆ ಎಲ್ಲಾದರೂ ಹೇಳಿರಬೇಕು, ತಾನೇ ಕೇಳಿಸಿಕೊಂಡಿಲ್ಲ ಎಂದು ಮತ್ತೆ ಹಚ್ಚಿದಳು. ಮೂರನೆಯ ಸಲ ನೋಡುವಾಗ ಒಲೆಯ ಮೇಲಿನ ರೊಟ್ಟಿ ಸುಟ್ಟು ಹೊಗೆಯಾಡಿತು. ಎದ್ದು ತೆಗೆಯಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಹೊರಟು ಮೈಂದರ್ಗಿಗೆ ಹೋದಳು. ಪೀರಪ್ಪ ಬಾಗಿ ಕೆಲಸ ಮಾಡುತ್ತಿದ್ದವನು ಆಕೆಯ ಮುಖ ನೋಡಿ ಸುತ್ತಿಗೆ ಕೆಳಗಿಟ್ಟ. ಅವನಿಗೆ ಎಲ್ಲ ಗೊತ್ತಿತ್ತು. ಪರಾಗ ಮೊದಲು ಅವನನ್ನೇ ಇನ್ನೂರು ಚಾಕು ಮಾಡಿಕೊಡು ಎಂದು ಕೇಳಿದ್ದ. ಒಬ್ಬನ ಕೈಲಿ ಆಗದ ಕೆಲಸ ಎಂದು ಪೀರಪ್ಪ ಬೇಡವೆಂದಿದ್ದ. ಆಮೇಲೆ ಎಲ್ಲೋ ದೂರದ ಕಾರಖಾನೆಗೆ ಕೊಟ್ಟನಂತೆ.

"ನಿಮ್ಮನ್ನ ಕೇಳೇ ಮಾಡಾಕತ್ಯಾನ ಅಂತ ತಿಳ್ಕೊಂಡಿದ್ನಿ ಅಕ್ಕಾರ. ಹಂಗಂದನೂ ಅಂವ. ಕಾಕು ಹೂಂ ಅಂದಾರ ಅಂದ."

"ಯಾವಾಗ ಕೇಳಿದ ನಿನ್ನ?"

ಪೀರಪ್ಪ ನೆನಪು ಮಾಡಿಕೊಂಡ. "ಹಿಡಿ ಕೂಡಿಸಿದ ದಿನಾನ. ಒಯ್ಯೂ ಮುಂದ. ಕಾರಖಾನಿಯವ್ರಿಗೆ ತೋರ್ಸಿ ಅಳತಿ ತಗಸಬೇಕು, ಎಂಟ ದಿನಾ ಬೇಕು ಅಂದ."

ಇಂದುಬಾಯಿ ಅಲ್ಲೇ ಇದ್ದ ಕಟ್ಟೆಯ ಮೇಲೆ ಕೂತಳು. ಹಾಗಾದರೆ ಆ ಚಾಕು ಆಕೆಯ ಕೈಗೆ ಬರುವ ಮೊದಲೇ ಬೇರೆಯವರ ಕೈ ಸೇರಿತ್ತು. ಕಾಲಿಗೆ ಬಿದ್ದ ದಿನ, ಹೋಳಿಗೆ ಉಂಡ ದಿನ, ಕಾರಖಾನೆಯವರು ತೆಗೆದ ಅಳತೆ ಅವನ ಚೀಲದಲ್ಲೇ ಇತ್ತು.

"ಒಂದ ಮಾತ ನನಗ ಹೇಳಬೇಕಿತ್ತು ನೀನು," ಎಂದಳು.

ಪೀರಪ್ಪ ತಲೆ ತಗ್ಗಿಸಿದ. ಅವನ ಮೇಲೆ ಆಕೆಗೆ ಸಿಟ್ಟು ಬರಲಿಲ್ಲ, ಆದರೆ ಅವನು ತರಿಸಿದ ಚಹಾವನ್ನು ಕುಡಿಯಲೂ ಆಗಲಿಲ್ಲ.

ಆ ವಾರವೇ ಸೋಲಾಪುರದ ಹೋಟಗಿ ರಸ್ತೆಯ ಒಂದು ಮಂಗಲ ಕಾರ್ಯಾಲಯದಲ್ಲಿ ಶಿಬಿರದ ಸಾಮಾನುಗಳ ಪ್ರದರ್ಶನವಿತ್ತು, ಪರಾಗನ ಚಾಕುಗಳೂ ಅಲ್ಲಿ ಮಾರಾಟಕ್ಕಿದ್ದವು. ಶೀತಲ ಬೇಡವೆಂದಳು, ಫೋನಿನಲ್ಲೇ ಬಯ್ದರಾಯಿತು ಎಂದಳು. ಇಂದುಬಾಯಿ ಕೇಳಲಿಲ್ಲ. ಇಳಕಲ್ ಸೀರೆ ಉಟ್ಟು, ಮಗಳ ಜೊತೆ ಹೋದಳು.

ಪರಾಗನ ಮೇಜಿನ ಮುಂದೆ ಜನರಿದ್ದರು. ಹಸಿರು ಅರಿವೆಯ ಮೇಲೆ ಇಪ್ಪತ್ತು ಮೂವತ್ತು ಚಾಕುಗಳು ಸಾಲಾಗಿ ಮಲಗಿದ್ದವು. ಎಲ್ಲದರ ಹಿಡಿಯಲ್ಲೂ ಬಲಮಗ್ಗುಲಿಗೆ ಆ ಕುಳಿ. ಆಕೆಗೆ ಯಂತ್ರದಲ್ಲಿ ಬೆರಳು ಹೋದ ದಿನವನ್ನು ಮೂವತ್ತು ಸಲ ಮಾಡಿ ಇಟ್ಟಿದ್ದಾರೆ ಎನಿಸಿತು.

ಒಬ್ಬ ಹೆಂಗಸು ಚಾಕು ಎತ್ತಿಕೊಂಡು, ತನ್ನ ನೆಟ್ಟಗಿನ ತೋರುಬೆರಳನ್ನು ಆ ಕುಳಿಯಲ್ಲಿ ಕೂಡಿಸಲು ನೋಡುತ್ತಿದ್ದಳು. ಕೂಡುತ್ತಿರಲಿಲ್ಲ. "ಇದು ಯಾಕೆ ಹೀಗಿದೆ?" ಎಂದು ಮರಾಠಿಯಲ್ಲಿ ಕೇಳಿದಳು. ಪರಾಗ ಬೇಟೆಗಾರರ ಕಥೆ ಶುರು ಮಾಡುವಷ್ಟರಲ್ಲಿ ಇಂದುಬಾಯಿ ಮೇಜಿನ ಮುಂದೆ ಬಂದು, ಇನ್ನೊಂದು ಚಾಕು ಎತ್ತಿ ಹಿಡಿದಳು. ಮೊಂಡ ಬೆರಳು ಕುಳಿಯಲ್ಲಿ ಕೂತಿತು. ಆ ಹೆಂಗಸು ಕೈ ನೋಡಿದಳು, ಮುಖ ನೋಡಿದಳು, ತನ್ನ ಕೈಯಲ್ಲಿದ್ದುದನ್ನು ಮೆಲ್ಲಗೆ ಕೆಳಗಿಟ್ಟಳು.

ಪರಾಗನ ಬಣ್ಣ ಒಂದು ಕ್ಷಣ ಇಳಿಯಿತು. ಮರುಕ್ಷಣ ಅವನು ಎರಡೂ ಕೈ ಚಾಚಿ ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ, "ಬನ್ನಿ, ಇವರೇ ನಮ್ಮ ಇಂದು ಕಾಕು! ನನ್ನ ಪ್ರೇರಣೆ!" ಎಂದ. ಯಾರಿಗೋ ಫೋನು ಕೊಟ್ಟು, ಫೋಟೊ ತೆಗೆಯಿರಿ ಎಂದು ಆಕೆಯ ಪಕ್ಕ ಬಂದು ನಿಂತ.

ಇಂದುಬಾಯಿ ಒಂದು ಹೆಜ್ಜೆ ಸರಿದಳು. ಅವಳ ಮರಾಠಿ ಅಷ್ಟು ಚೆನ್ನಾಗಿರಲಿಲ್ಲ, ಆದರೂ ಮರಾಠಿಯಲ್ಲೇ ಕೇಳಿದಳು, "ಪ್ರೇರಣೆ ಅಂದರೆ ಏನು?"

ಪರಾಗ ಆಕೆಯ ಕಿವಿಯ ಹತ್ತಿರ ಬಾಗಿ, ತಗ್ಗಿದ ದನಿಯಲ್ಲಿ, ಕನ್ನಡದಲ್ಲಿ ಅಂದ: "ಇಲ್ಲಿ ಬ್ಯಾಡ್ರಿ ಕಾಕು. ಮಂದಿ ನೋಡಾಕತ್ತಾರ. ಮನಿಗೆ ಬಂದು ಎಲ್ಲಾ ಹೇಳ್ತೀನಿ."

ಆ ಮಾತು ಆಕೆಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಇಷ್ಟು ವರ್ಷ ಅವನ ಪೇಟೆಯ ಗುಂಪಿನ ನಡುವೆ ಅವರಿಬ್ಬರಿಗೇ ಇದ್ದ ಭಾಷೆ ಕನ್ನಡ. ಅವನು ಕನ್ನಡದಲ್ಲಿ ಕಾಕು ಎಂದಾಗಲೆಲ್ಲ ಇವನು ನಮ್ಮವನು ಎಂದು ಆಕೆಯ ಜೀವ ತಂಪಾಗುತ್ತಿತ್ತು. ಇವತ್ತು ಅದೇ ಕನ್ನಡ ಆಕೆಯ ಬಾಯಿ ಮುಚ್ಚಿಸಲು ಬಂದಿತ್ತು. ಆಕೆ ಚಾಕುವನ್ನು ಸಾಲಿನಲ್ಲಿ ಅದರ ಜಾಗಕ್ಕೇ ಇಟ್ಟಳು. ಶೀತಲಳ ಕೈ ಹಿಡಿದು ಹೊರಗೆ ಬಂದಳು. ರಸ್ತೆ ದಾಟಿ, ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ನೀರು ಕೇಳಿದಳು.

ಹದಿನೈದು ದಿನಕ್ಕೆ ಪರಾಗ ಕುರನೂರಿಗೆ ಬಂದ. ಹೊತ್ತು ನೆತ್ತಿಯ ಮೇಲೆ ಬಂದಿತ್ತು. ಕೈಯಲ್ಲಿ ಒಂದು ರಟ್ಟಿನ ಡಬ್ಬಿ, ಅದರಲ್ಲಿ ಐದು ಚಾಕು. ಶಿವಶರಣಪ್ಪ ಹೊರಸಿನ ಮೇಲೆ ಕೂತಿದ್ದ, ಬಾ ಎಂದ.

"ಚೂಕ ಆತ್ರಿ ಕಾಕು, ತಪ್ಪಾತ್ರಿ," ಎಂದು ಪರಾಗ ಶುರು ಮಾಡಿದ. ಮುಂದಿನ ಸಲ ಮಾಡುವ ಚಾಕುಗಳಿಗೆಲ್ಲ 'ಇಂದು' ಎಂದೇ ಹೆಸರು, ಅಲಗಿನ ಮೇಲೆ ಅಚ್ಚು ಹಾಕಿಸುತ್ತೇನೆ, ಡಬ್ಬಿಯೊಳಗೆ ನಿಮ್ಮ ಫೋಟೊ ಇಡುತ್ತೇನೆ. ವಿಡಿಯೊದ ಆ ಬೇಟೆಗಾರರ ಕಥೆ, ಹಾಗೆ ಹೇಳಿದರೆ ಜನ ನೋಡುತ್ತಾರೆಂದು ಬೇರೆಯವರು ಬರೆದುಕೊಟ್ಟದ್ದು. ನಿಮಗೂ ಒಂದು ಪಾಲು ಇರಲಿ. ಎಲ್ಲ ಮಾತನ್ನೂ ಅವನು ದಾರಿಯಲ್ಲಿ ಹೊಂದಿಸಿಕೊಂಡು ಬಂದಂತಿತ್ತು.

ಇಂದುಬಾಯಿ ಪೂರ್ತಿ ಕೇಳಿದಳು. ಆಮೇಲೆ ಅಂದಳು, "ನನಗ ಒಂದ ಹೇಳು. ಇದ ಪಡಸಾಲಿಯಾಗ ಕುಂತು ನನ್ನ ಕೈ ಬರಕೊಂಡಿ. ಅವತ್ತ ನಿನ್ನ ಮನಸಿನ್ಯಾಗ ಇದು ಇತ್ತೇನ, ಆಮ್ಯಾಲ ಬಂತೇನ?"

ಪರಾಗ ನೆಲ ನೋಡಿದ. "ಆಮ್ಯಾಲ ಬಂತ್ರಿ."

"ಖರೇ ಹೇಳು."

ಅವನು ಡಬ್ಬಿಯ ಮುಚ್ಚಳ ತೆರೆದು ಮತ್ತೆ ಮುಚ್ಚಿದ. "ನನಗ ಗೊತ್ತಿಲ್ರಿ ಕಾಕು," ಎಂದ ಕಡೆಗೆ. "ಸ್ವಲ್ಪ ಇದ್ದಿರಬಹುದು."

ಆಕೆಗೆ ಬೇಕಾಗಿದ್ದದ್ದು ಆ ಉತ್ತರವಲ್ಲ. ಆಮೇಲೆ ಬಂದ ಆಸೆಯಾಗಿದ್ದರೆ ಆ ಒಂದು ದಿನವಾದರೂ ಉಳಿಯುತ್ತಿತ್ತು: ಕಾಗದ, ಪೆನ್ಸಿಲ್ಲು, ಮೊಂಡ ಬೆರಳಿನ ಸುತ್ತ ನಿಧಾನವಾಗಿ ಹೋದ ಗೆರೆ. ಈಗ ಅದೂ ಹೋಯಿತು. ನಿಮಗೆ ಹೇಗೆ ಬೇಕು ಎಂದು ಅವನು ಕೇಳಿದ್ದು ಯಾರಿಗಾಗಿ ಎಂದು ಇನ್ನು ಮೇಲೆ ಆಕೆಗೆ ಯಾವತ್ತೂ ಗೊತ್ತಾಗುವಂತಿರಲಿಲ್ಲ.

ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದಳು. ಅವನು ಕುಡಿದ. ಡಬ್ಬಿಯನ್ನು ಅವನ ಕಡೆಗೆ ಸರಿಸಿ, "ಒಯ್ಯಿ. ಹೆಸರೂ ಹಾಕಬ್ಯಾಡ, ಫೋಟೊನೂ ಇಡಬ್ಯಾಡ. ನನ್ನ ಹೆಸರ ನಾ ನಿನಗ ಕೊಟ್ಟಿಲ್ಲ. ಬೇವಿನ ಮೂರೂ ನನಗ ತಂದ ಕೊಡು, ಆ ಕಾಗದಾನೂ," ಎಂದಳು.

"ತರ್ತೀನ್ರಿ," ಎಂದ.

ಊಟದ ಹೊತ್ತಾಗಿತ್ತು. ಒಳಗೆ ರೊಟ್ಟಿಯಾಗಿತ್ತು, ಬದನೆಕಾಯಿ ಪಲ್ಯದ ವಾಸನೆ ಪಡಸಾಲೆಯ ತನಕ ಬರುತ್ತಿತ್ತು. ಪರಾಗ ಬಾಗಿಲ ಹತ್ತಿರ ಕೂತು ಬೂಟಿನ ದಾರ ಕಟ್ಟಿಕೊಳ್ಳತೊಡಗಿದ. ಒಂದು ಬೂಟು ಕಟ್ಟಿ ತಡೆದ, ಇನ್ನೊಂದನ್ನು ಬಿಚ್ಚಿ ಮತ್ತೆ ಕಟ್ಟಿದ. ಶಿವಶರಣಪ್ಪ ಅಭ್ಯಾಸಬಲದಿಂದ ಬಾಯಿ ತೆರೆದವನು ಹೆಂಡತಿಯ ಕಡೆ ನೋಡಿ ಸುಮ್ಮನಾದ. ಇಂದುಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಉಂಡು ಹೋಗು ಎನ್ನಲಿಲ್ಲ. ಆ ಮನೆಗೆ ಬಂದು ಆ ಹೊತ್ತಿನಲ್ಲಿ ಉಣ್ಣದೆ ಎದ್ದು ಹೋದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಗಾಡಿಯ ಸದ್ದು ಆಣೆಕಟ್ಟಿನ ರಸ್ತೆ ಹತ್ತುವ ತನಕ ಆಕೆ ಅಲ್ಲೇ ನಿಂತಳು. ಮಾದರಿಗಳು ಇವತ್ತಿನ ತನಕ ಬಂದಿಲ್ಲ.